ಜೊತೆಗೆ ಯಾರಿದಾರೆ?

(1/10)
ಫ್ರೆಂಡ್ಸ್, ಮೊದಲ ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ನಮ್ಮ ಡಿಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ, ನೋಟಿಸ್ ಬೋರ್ಡಿನ ಪಕ್ಕ ನೇತು ಹಾಕಿರೋ ಹಳೇ ಗ್ರೂಪ್ ಫೋಟೋ. ಯಾವುದೋ ಕಾಲದ ಎಂ.ಇ. ಬ್ಯಾಚು, ಕಪ್ಪು-ಬಿಳುಪು. ನಿಂತವರು ಎರಡು ಸಾಲು, ಕುರ್ಚಿ ಮೇಲೆ ಮೇಷ್ಟ್ರುಗಳದ್ದು ಒಂದು ಸಾಲು. ಕುರ್ಚಿ ಸಾಲಿನ ತುದಿಯಲ್ಲಿ ಸೀರೆ ಉಟ್ಟ ಒಬ್ಬ ಹುಡುಗಿ. ಅವಳ ಕುರ್ಚಿಗೂ ಪಕ್ಕದ ಕುರ್ಚಿಗೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಾರೆ. (ಮುಖಗಳನ್ನು ನಾನೇ ಬ್ಲರ್ ಮಾಡಿದ್ದೀನಿ. ಯಾರನ್ನೂ ಕೇಳದೆ ಹಾಕೋದು ಸರಿಯಲ್ಲ.)

ಫೋಟೋದ ಕೆಳಗೆ ಎಲ್ಲರ ಹೆಸರೂ ಟೈಪ್ ಮಾಡಿದ್ದಾರೆ. ಅವಳ ಹೆಸರಿದ್ದ ಮೂಲೆಗೆ ಮಾತ್ರ ಮಳೆಗಾಲದ ನೀರು ಇಳಿದು ಶಾಯಿ ಹರಡಿಹೋಗಿದೆ. ಓದೋಕೆ ಸಿಗೋದು ಎರಡೇ ಗುರುತು: "ಕು."

ಒಂದೂವರೆ ವರ್ಷದಿಂದ ದಿನಾ ಈ ಫೋಟೋ ಮುಂದೆ ಹಾದು ಹೋಗ್ತಿದ್ದೀನಿ. ನಿಂತು ನೋಡಿದ್ದು ಹೋದ ತಿಂಗಳು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಹತ್ತು ಪೋಸ್ಟ್. ಬಸ್ಸಲ್ಲಿ ಕೂತು ಓದಿ.

(2/10)
ನನಗೆ ಎಂ.ಟೆಕ್ ಸೀಟು ಸಿಕ್ಕಿದಾಗ ಹೊಸಬಾಳೆಯಲ್ಲಿ ಅಡಿಕೆ ಸುಲಿತ ನಡೀತಿತ್ತು. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತ ಹೆಂಗಸರ ನಡುವೆ ನಮ್ಮಜ್ಜಿ. ಸುದ್ದಿ ಹೇಳಿದೆ. ಅಜ್ಜಿ ಫೀಸೆಷ್ಟು ಅಂತ ಕೇಳಲಿಲ್ಲ, ಯಾವ ಬ್ರ್ಯಾಂಚು ಅಂತ ಕೇಳಲಿಲ್ಲ. ಕೈ ನಿಲ್ಲಿಸದೇನೇ ಕೇಳಿದ್ದು ಒಂದೇ ಮಾತು: "ಜೊತೆಗೆ ಯಾರಿದಾರೆ?"

ಸೊರಬ ಕಡೆ ಬೆಳೆದ ಹುಡುಗೀರಿಗೆಲ್ಲ ಈ ಪ್ರಶ್ನೆ ಗೊತ್ತು. ಸಾಗರಕ್ಕೆ ಸಿನಿಮಾಕ್ಕೆ ಹೊರಟ್ರೂ ಇದೇ, ಚಂದ್ರಗುತ್ತಿ ಜಾತ್ರೆಗೆ ಹೊರಟ್ರೂ ಇದೇ. ನಂಗಂತೂ ಕೇಳಿ ಕೇಳಿ ಸಿಟ್ಟು ಬರ್ತಿತ್ತು. ಅಣ್ಣ ಹೊರಟಾಗ ಯಾರೂ ಕೇಳಲ್ಲ ಮಾರಾಯ್ರೆ! ಅದು ಕಾವಲು ಕಾಯೋ ಪ್ರಶ್ನೆ ಅಂತ ನನ್ನ ಲೆಕ್ಕ. ಈಗಲೂ ಅರ್ಧ ಹಾಗೇ ಅನ್ಸತ್ತೆ. ಇನ್ನರ್ಧದ ಬಗ್ಗೆ ಈ ಬರಹ.

ನಮ್ಮ ಕಾಲೇಜಿನಲ್ಲಿ ಎಂ.ಟೆಕ್, ಪಿಎಚ್‌ಡಿ ಮಾಡ್ತಿರೋ ಎಂಜಿನಿಯರಿಂಗ್ ಹುಡುಗಿಯರದ್ದೊಂದು ಗುಂಪಿದೆ. ಸಂಚಾಲಕಿ, ಕಾರ್ಯದರ್ಶಿ, ಖಜಾಂಚಿ ಎಲ್ಲ ಇದಾರೆ, ಖಜಾನೆ ಮಾತ್ರ ಇಲ್ಲ. ಈಗಿನ ಸಂಚಾಲಕಿ ಅಕ್ಕನ ಥೀಸಿಸ್ ಮುಗೀತು, ಹೊರಟಿದಾರೆ. ಆ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ಈ ತಿಂಗಳ ಕೊನೆಯೊಳಗೆ ಯಾರೂ ಹೆಸರು ಕೊಡದಿದ್ರೆ ಗುಂಪು ಮುಚ್ಚತ್ತೆ, ಅಷ್ಟೇ. ಅದನ್ನ ಕ್ಲಾಸ್ ಗ್ರೂಪಲ್ಲಿ ಹಾಕಿದಾಗ ನಮ್ಮ ಕ್ಲಾಸಿನವನೊಬ್ಬ ಕೇಳಿದ: "ಬಿ.ಇ. ಕ್ಲಾಸಲ್ಲಿ ಹತ್ತಿರ ಹತ್ತಿರ ಅರ್ಧ ಹುಡುಗೀರೇ ಇದೀರಲ್ಲ, ಇನ್ನೂ ಯಾಕ್ರೇ ಬೇರೆ ಗುಂಪು?" ಅವನು ಕುಹಕಕ್ಕೆ ಕೇಳಿದ್ದಲ್ಲ, ನಿಜವಾಗಿ ಕೇಳಿದ. ನಂಗೆ ಥಟ್ಟಂತ ಉತ್ತರ ಹೊಳೀಲಿಲ್ಲ. ಒಂದು ತಿಂಗಳು ಓದಿದೆ.

(3/10)
ಶುರು ಮಾಡೋದು ನಮ್ಮ ಪಕ್ಕದಿಂದಲೇ. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಗೊತ್ತಲ್ಲ? ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಶಾಸನ. ಸ್ಕೂಲ್ ಟ್ರಿಪ್ಪಲ್ಲಿ ಕರ್ಕೊಂಡು ಹೋದಾಗ ನಾವೆಲ್ಲ ಕಂಬದ ಕೆಳಗೆ ಕೂತು ಬುತ್ತಿ ಬಿಚ್ಚಿದ್ವಿ, ಶಾಸನದಲ್ಲಿ ಏನಿದೆ ಅಂತ ಕೇಳಿದ್ದು ನೆನಪಿಲ್ಲ. ಅದರಲ್ಲಿರೋದು ಒಬ್ಬ ವಿದ್ಯಾರ್ಥಿ ಕಥೆ ಕಣ್ರೀ. ಮಯೂರಶರ್ಮ ಅನ್ನೋ ಹುಡುಗ ವೀರಶರ್ಮನ ಜೊತೆ ಹೆಚ್ಚಿನ ಓದಿಗೆ ಕಂಚಿಯ ಘಟಿಕಾಸ್ಥಾನಕ್ಕೆ ಹೋಗ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗತ್ತೆ, ಅವಮಾನ ಆಗತ್ತೆ. ಓದು ಬಿಟ್ಟು ಕತ್ತಿ ಹಿಡಿದು, ಕದಂಬ ರಾಜ್ಯ ಕಟ್ತಾನೆ.

ನಂಗೆ ಈ ಕಥೆಯಲ್ಲಿ ಎದ್ದು ಕಾಣೋದು ಒಂದು ಸಣ್ಣ ವಿಷಯ. ಆ ಕಾಲದಲ್ಲಿ, ಆ ಹುಡುಗ ಕೂಡ, ದೂರದ ಊರಿಗೆ ಓದೋಕೆ ಒಬ್ಬನೇ ಹೋಗಲಿಲ್ಲ. ಜೊತೆಗೆ ಹಿರಿಯರೊಬ್ಬರಿದ್ರು. ಅಜ್ಜಿ ಕೇಳಿದ್ರೆ ಖುಷಿ ಪಡ್ತಿದ್ರು.

ಈಗ ಸಾವಿರದ ಐನೂರು ವರ್ಷ ದಾಟಿ ಬೆಂಗಳೂರಿಗೆ ಬನ್ನಿ.

(4/10)
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. 1933ರಲ್ಲಿ ಮುಂಬೈಯಿಂದ ಕಮಲಾ ಭಾಗವತ್ ಅನ್ನೋ ಹುಡುಗಿ (ಮದುವೆಯಾದ ಮೇಲೆ ಕಮಲಾ ಸೊಹೊನಿ) ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡ್ತೀನಿ ಅಂತ ಅರ್ಜಿ ಹಾಕಿದ್ರು. ಆಗ ನಿರ್ದೇಶಕರಾಗಿದ್ದೋರು ಸರ್ ಸಿ.ವಿ. ರಾಮನ್. ಹೆಣ್ಣುಮಕ್ಕಳನ್ನ ತಗೊಳ್ಳಲ್ಲ ಅಂದ್ರು. ಈ ಹುಡುಗಿ ವಾಪಸ್ ಹೋಗಲಿಲ್ಲ, ಹಟ ಹಿಡಿದು ಕೂತರು. ಕೊನೆಗೆ ಸೇರಿಸಿಕೊಂಡಿದ್ದು ಷರತ್ತಿನ ಮೇಲೆ: ಮೊದಲ ವರ್ಷ ಪರೀಕ್ಷಾರ್ಥ, ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದ್ರೆ ಮಾತ್ರ ಲೆಕ್ಕಕ್ಕೆ, ಮತ್ತೆ ಲ್ಯಾಬಿನ ಗಂಡುಮಕ್ಕಳ ಗಮನ ಕೆಡಿಸಬಾರದು. ಅವರ ಗಮನ ಅವರು ನೋಡ್ಕೋಬೇಕಪ್ಪ, ಅದಕ್ಕೂ ಇವಳೇ ಜವಾಬ್ದಾರಿ! ಒಂದು ವರ್ಷದ ಕೆಲಸ ನೋಡಿದ ಮೇಲೆ ರಾಮನ್ ಒಪ್ಪಿಕೊಂಡ್ರು.

ರಾಮನ್ ದೊಡ್ಡವರು, ಅದೂ ನಿಜ. ಇದೂ ನಿಜ. ಒಂದನ್ನ ಮುಚ್ಚಿಡೋಕೆ ಇನ್ನೊಂದನ್ನ ಎತ್ತಿ ತೋರಿಸೋ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ಆಮೇಲೆ 1940ರಲ್ಲಿ ಅನ್ನಾ ಮಣಿ ಬಂದ್ರು, ಅದೇ ರಾಮನ್ ಅವರ ಲ್ಯಾಬಿಗೆ. ವಜ್ರ, ಮಾಣಿಕ್ಯಗಳ ಮೇಲೆ ಬೆಳಕು ಬಿದ್ದಾಗ ಏನಾಗತ್ತೆ ಅಂತ ವರ್ಷಗಟ್ಟಲೆ ಅಳೆದ್ರು. 1945ರಲ್ಲಿ ಪಿಎಚ್‌ಡಿ ಪ್ರಬಂಧ ಕೊಟ್ರು. ಎಂ.ಎಸ್ಸಿ. ಇಲ್ಲ ಅನ್ನೋ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಪಕ್ಕದಲ್ಲಿ, "ಮೊದಲು ಆ ಕಾಗದ ಸರಿಮಾಡ್ಕೊಳ್ಳೇ ಮಾರಾಯ್ತಿ" ಅನ್ನೋ ಒಬ್ಬ ಸೀನಿಯರ್ ಅಕ್ಕ ಇದ್ದಿದ್ರೆ? ಇದು ನನ್ನ ಊಹೆ ಅಷ್ಟೇ. ಆದ್ರೆ ರೂಲ್ಸ್ ಬುಕ್ಕಿನಲ್ಲಿ ಎಲ್ಲಿ ಗುಂಡಿ ಇದೆ ಅಂತ ಗೊತ್ತಿರೋದು ಬಿದ್ದು ಎದ್ದವರಿಗೇ ಅಲ್ವಾ.

(5/10)
ಇವರಿಬ್ಬರೂ ವಿಜ್ಞಾನದವರು. ಎಂಜಿನಿಯರಿಂಗ್‌ನವರ ಕಥೆಗೆ ಒಂದು ಸಲ ಮದ್ರಾಸಿಗೆ ಹೋಗಿ ಬರಬೇಕು.

ಎ. ಲಲಿತಾ. 1919ರಲ್ಲಿ ಹುಟ್ಟಿದ್ದು, ತೆಲುಗು ಮನೆತನ. ಹದಿನೈದಕ್ಕೆ ಮದುವೆ. 1937ರಲ್ಲಿ ಗಂಡ ತೀರಿಕೊಂಡಾಗ ಕೈಯಲ್ಲಿ ನಾಲ್ಕು ತಿಂಗಳ ಮಗಳು. ವಯಸ್ಸು ಹದಿನೆಂಟು. ನಮ್ಮ ಫಸ್ಟ್ ಇಯರ್ ಹುಡುಗೀರ ವಯಸ್ಸು. ಅಪ್ಪ ಪಪ್ಪು ಸುಬ್ಬರಾವ್ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರು. ಮಗಳು ಎಂಜಿನಿಯರಿಂಗ್ ಓದ್ತೀನಿ ಅಂದಾಗ ಪ್ರಿನ್ಸಿಪಾಲ್ ಕೆ.ಸಿ. ಚಾಕೋ ಹತ್ರ ಹೋಗಿ ಮಾತಾಡಿದ್ರು. 1940ರಲ್ಲಿ ಸೀಟು ಸಿಕ್ಕಿತು. ನೂರಾರು ಗಂಡುಮಕ್ಕಳ ಕಾಲೇಜಲ್ಲಿ ಒಬ್ಬಳೇ. ಯಾರೂ ಕೆಟ್ಟದಾಗಿ ನಡ್ಕೊಂಡಿಲ್ಲ ಅಂತಾನೇ ಕಥೆ ಉಳಿದಿದೆ. ಆದ್ರೂ ಹಾಸ್ಟೆಲಿನಲ್ಲಿ ಒಂಟಿತನ.

ಆಗ ಆ ಕಾಲೇಜು ಮಾಡಿದ ಒಂದು ಕೆಲಸ ನೋಡಿ, ನನಗೆ ಇಡೀ ಇತಿಹಾಸದಲ್ಲಿ ಅತ್ಯಂತ ಇಷ್ಟವಾದ ಜಾಗ ಇದು. ಹೆಣ್ಣುಮಕ್ಕಳಿಗೂ ಪ್ರವೇಶ ಇದೆ ಅಂತ ಜಾಹೀರಾತು ಕೊಟ್ರು. ಲಲಿತಾಗೆ ಜೊತೆ ಸಿಗಲಿ ಅಂತ. ಲೀಲಮ್ಮ ಜಾರ್ಜ್, ಪಿ.ಕೆ. ಥ್ರೇಸಿಯಾ ಅಂತ ಇಬ್ಬರು ಸಿವಿಲ್‌ಗೆ ಬಂದ್ರು. ಒಂದು ವರ್ಷ ಜೂನಿಯರ್. ಯುದ್ಧದ ಕಾಲ ಅಂತ ಕೋರ್ಸು ಗಿಡ್ಡ ಮಾಡಿದ್ರಿಂದ ಮೂವರೂ ಒಟ್ಟಿಗೇ ಹೊರಬಿದ್ರು. ಸರ್ಟಿಫಿಕೇಟಿನಲ್ಲಿ ಅಚ್ಚಾಗಿದ್ದಿದ್ದು "ಅವನು" ಅಂತ. ಆ ಪದಕ್ಕೆ ಗೀಟು ಹಾಕಿ "ಅವಳು" ಅಂತ ತಿದ್ದಿ ಕೊಟ್ರು.

ಆ ಗೀಟಿನ ಬಗ್ಗೆ ಎಲ್ಲರೂ ಪೋಸ್ಟ್ ಹಾಕ್ತಾರೆ. ಜಾಹೀರಾತಿನ ಬಗ್ಗೆ ಅಷ್ಟಾಗಿ ಯಾರೂ ಹಾಕಲ್ಲ. ಒಬ್ಬಳಿಗೆ ಬಾಗಿಲು ತೆಗೆದ್ರೆ ಕೆಲಸ ಮುಗೀಲಿಲ್ಲ, ಇನ್ನಿಬ್ಬರನ್ನ ಕರೀಬೇಕು ಅಂತ ಯಾರಿಗೋ ಹೊಳೀತಲ್ಲ, 1940ರ ಆಸುಪಾಸಿನಲ್ಲಿ! ನಮ್ಮಜ್ಜಿ ಪ್ರಶ್ನೆಯನ್ನ ಒಂದು ಸರ್ಕಾರಿ ಕಾಲೇಜು ಕೇಳಿದ ಹಾಗಾಯ್ತು. ಅದೂ ಹೋಗೋಳನ್ನ ತಡೆಯೋಕಲ್ಲ, ಇರೋಳನ್ನ ಉಳಿಸ್ಕೊಳ್ಳೋಕೆ.

ಆ ಜಾಹೀರಾತು ನೋಡಿ ಬಂದ ಥ್ರೇಸಿಯಾ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಗೆ ಚೀಫ್ ಎಂಜಿನಿಯರ್ ಆದ್ರು. ಲಲಿತಾ ಕಲ್ಕತ್ತಾದಲ್ಲಿ ಕೆಲಸ ಮಾಡಿದ್ರು, ಭಾಕ್ರಾ ನಂಗಲ್ ಅಣೆಕಟ್ಟಿನ ಜನರೇಟರುಗಳ ಕೆಲಸದಲ್ಲಿ ಅವರ ಪಾಲಿದೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಅಲ್ಲಿಗೂ ಹೋಗಿ ಬಂದ್ರು.

(6/10)
ಈಗ ನಮ್ಮವರು. ರಾಜೇಶ್ವರಿ ಚಟರ್ಜಿ. ಹೆಸರು ಕೇಳಿ ಬಂಗಾಳದವರು ಅನ್ಕೋಬೇಡಿ, ನಾನೂ ಮೊದಲು ಹಾಗೇ ಅನ್ಕೊಂಡಿದ್ದೆ. ಅಪ್ಪಟ ಮೈಸೂರು ಸೀಮೆಯವರು. 1922ರಲ್ಲಿ ಹುಟ್ಟಿದ್ದು. ತಂದೆ ಬಿ.ಎಂ. ಶಿವರಾಮಯ್ಯ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊಟ್ಟಮೊದಲ ಪದವೀಧರೆಯರಲ್ಲಿ ಒಬ್ಬರು. ಗಂಡ ಸತ್ತವರು, ಗಂಡ ಬಿಟ್ಟವರು ಓದಲಿ ಅಂತ ದುಡಿದವರು. ಮೊಮ್ಮಗಳು ಅಕ್ಷರ ಕಲಿತದ್ದು ಅಜ್ಜಿ ಕಟ್ಟಿದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ. ಗಮನಿಸಿ, ಇವರಿಗೆ "ಜೊತೆಗೆ ಯಾರಿದಾರೆ" ಅನ್ನೋದಕ್ಕೆ ಮನೆಯಲ್ಲೇ ಉತ್ತರ ಇತ್ತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ. ಬಿ.ಎಸ್ಸಿ. ಆನರ್ಸ್‌ಗೂ ಎಂ.ಎಸ್ಸಿ.ಗೂ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್. 1943ರಲ್ಲಿ ರಾಮನ್ ಹತ್ರ ಸಂಶೋಧನೆ ಮಾಡೋಕೆ ಹೋದ್ರು. ಭೌತಶಾಸ್ತ್ರದ ಪದವಿ ಇಲ್ಲ ಅಂತ ಹೇಳಿ ಅವರು ತಗೊಳ್ಳಲಿಲ್ಲ. ಸರಿ, ಅದೇ ಕ್ಯಾಂಪಸ್ಸಿನ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ ಹೋಗಿ, ಸಂವಹನ ಅಂದ್ರೆ ಕಮ್ಯುನಿಕೇಷನ್ ವಿಷಯದಲ್ಲಿ ರಿಸರ್ಚ್ ವಿದ್ಯಾರ್ಥಿಯಾದ್ರು. ಗಣಿತದ ಹುಡುಗಿ ಎಂಜಿನಿಯರ್ ಆದದ್ದು ಹೀಗೆ. ಮಯೂರಶರ್ಮನಿಗೆ ಘಟಿಕೆ ಬಿಟ್ಟು ಕತ್ತಿ ಹಿಡಿಯೋ ದಾರಿ ಇತ್ತು. ಇವರು ಘಟಿಕೆ ಒಳಗೇ ಪಕ್ಕದ ಬಾಗಿಲು ಹುಡುಕಿದ್ರು.

1946ರಲ್ಲಿ ದೆಹಲಿಯ ಮಧ್ಯಂತರ ಸರ್ಕಾರ ಬುದ್ಧಿವಂತ ಯುವಕರನ್ನ ಹೊರದೇಶಕ್ಕೆ ಕಳಿಸಿ ಓದಿಸೋ ವಿದ್ಯಾರ್ಥಿವೇತನ ಕೊಡ್ತಿತ್ತು. ರಾಜೇಶ್ವರಿ ಎಲೆಕ್ಟ್ರಾನಿಕ್ಸ್‌ಗೆ ಅರ್ಜಿ ಹಾಕಿದ್ರು, ಆಯ್ಕೆಯಾದ್ರು. 1947ರ ಜುಲೈನಲ್ಲಿ, ಯುದ್ಧಕಾಲದಲ್ಲಿ ಸೈನಿಕರನ್ನ ಸಾಗಿಸ್ತಿದ್ದ ಹಡಗಿನಲ್ಲಿ ಸುಮಾರು ಒಂದು ತಿಂಗಳ ಪ್ರಯಾಣ. ಆಗಸ್ಟ್ 15ಕ್ಕೆ ಎಷ್ಟು ದಿನ ಬಾಕಿ ಇತ್ತು ಅಂತ ನೀವೇ ಲೆಕ್ಕ ಹಾಕಿ. ಮದುವೆಯಾಗದ ಇಪ್ಪತ್ತೈದರ ಹುಡುಗಿ ಒಬ್ಬಳೇ ಅಮೆರಿಕಕ್ಕೆ!

(7/10)
ಇಳಿದದ್ದು ಆನ್ ಆರ್ಬರ್ ಅನ್ನೋ ಊರಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎಂ.ಎಸ್. ಮುಗಿಸಿ, ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೋ ತರಂಗಗಳನ್ನ ಅಳೆಯೋ ತರಬೇತಿ. (ಇವರು ಅಮೆರಿಕದಲ್ಲಿ ಓದ್ತಿದ್ದ ಕಾಲಕ್ಕೇ, 1948ರಲ್ಲಿ, ನಮ್ಮ ಪಕ್ಕದ ಜೋಗದಲ್ಲಿ ವಿದ್ಯುತ್ ಕೇಂದ್ರ ಶುರುವಾಯ್ತು.) 1949ರಲ್ಲಿ ಮತ್ತೆ ಆನ್ ಆರ್ಬರ್‌ಗೆ, ಪಿಎಚ್‌ಡಿಗೆ. ಈ ಸಲ ದುಡ್ಡು ಬಂದದ್ದು ಬಾರ್ಬರ್ ವಿದ್ಯಾರ್ಥಿವೇತನದಿಂದ.

ಇದನ್ನ ಸ್ವಲ್ಪ ನಿಂತು ನೋಡಬೇಕು. ಲೀವೈ ಬಾರ್ಬರ್ ಅನ್ನೋ ಡೆಟ್ರಾಯಿಟ್‌ನ ವಕೀಲ, ಏಷ್ಯಾದ ಹೆಣ್ಣುಮಕ್ಕಳು ಮಿಷಿಗನ್ನಿಗೆ ಬಂದು ಓದಲಿ ಅಂತಲೇ ಇಟ್ಟ ನಿಧಿ ಅದು. ರಾಜೇಶ್ವರಿಗಿಂತ ಕಾಲು ಶತಮಾನ ಮೊದಲು ಇದೇ ನಿಧಿಯಿಂದ ತಲಶ್ಶೇರಿಯ ಇ.ಕೆ. ಜಾನಕಿ ಅಮ್ಮಾಳ್ ಅಲ್ಲಿಗೆ ಹೋಗಿ ಸಸ್ಯಶಾಸ್ತ್ರ ಓದಿ ಬಂದಿದ್ರು. ಅಂದ್ರೆ ಆ ಊರಿಗೆ ಭಾರತದ ಒಂಟಿ ಹುಡುಗಿ ಹೊಸಬಳಾಗಿರಲಿಲ್ಲ. ದಾರಿ ಸವೆದಿತ್ತು.

ಇನ್ನೊಂದು ವಿಷಯ. ಅದೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1914ರಷ್ಟು ಹಿಂದೆಯೇ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಓದ್ತಿದ್ದ ಹುಡುಗೀರು ಸೇರಿ ಟಿ-ಸ್ಕ್ವೇರ್ ಸೊಸೈಟಿ ಅಂತ ಮಾಡ್ಕೊಂಡಿದ್ರು. ಟಿ-ಸ್ಕ್ವೇರ್ ಗೊತ್ತಲ್ಲ, ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸಲ್ಲಿ ಬಸ್ಸಿನ ತುಂಬ ಎಲ್ಲರಿಗೂ ಚುಚ್ಚಿಕೊಂಡು ಹೋಗ್ತಿದ್ವಲ್ಲ, ಅದೇ ಪಟ್ಟಿ.

ಆಮೇಲೆ 1919. ಕೊಲೊರಾಡೋ ವಿಶ್ವವಿದ್ಯಾಲಯ. ಇಲ್ಲಿ ಲೂ ಆಲ್ಟಾ ಮೆಲ್ಟನ್, ಹಿಲ್ಡಾ ಕೌಂಟ್ಸ್, ಎಲ್ಸಿ ಈವ್ಸ್ ಅನ್ನೋ ಹುಡುಗೀರು ಇಡೀ ಅಮೆರಿಕಕ್ಕೆ ಒಂದು ಸಂಘ ಕಟ್ಟಬೇಕು ಅಂತ ಹೊರಟ್ರು. ಹೇಗೆ ಶುರು ಮಾಡೋದು? ಮೆಂಬರ್‌ಶಿಪ್ ಫಾರ್ಮ್ ಇಲ್ಲ, ಲೋಗೋ ಇಲ್ಲ. ಅವರು ಮಾಡಿದ್ದು ಕಾಗದ ಬರೆಯೋ ಕೆಲಸ. ದೇಶದ ಎಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಒಂದೊಂದು ಕಾಗದ: ನಿಮ್ಮಲ್ಲಿ ಹೆಣ್ಣುಮಕ್ಕಳು ಓದ್ತಿದ್ದಾರಾ, ಓದಿ ಹೋದವರಿದ್ದಾರಾ, ಇದ್ರೆ ಅವರ ವಿಳಾಸ ಕೊಡಿ. ಕೆಲವು ಕಡೆಯಿಂದ ಹೆಸರುಗಳು ಬಂದವು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಂದ ಬಂದ ಉತ್ತರದ ತಾತ್ಪರ್ಯ ಇಷ್ಟು: ಈಗ ಇಲ್ಲ, ಹಿಂದೆ ಇರಲಿಲ್ಲ, ಸದ್ಯದಲ್ಲಿ ಬರುವ ನಿರೀಕ್ಷೆಯೂ ಇಲ್ಲ.

ಆ ಸಂಘ ನಿಲ್ಲಲಿಲ್ಲ. ಜನ ಸಾಲಲಿಲ್ಲ. ಈಗ ಇರೋ ಸೊಸೈಟಿ ಆಫ್ ವಿಮೆನ್ ಎಂಜಿನಿಯರ್ಸ್ ಹುಟ್ಟಿದ್ದು 1950ರ ಮೇ 27ಕ್ಕೆ, ನ್ಯೂಜೆರ್ಸಿಯಲ್ಲಿ. ಮೂವತ್ತೊಂದು ವರ್ಷದ ಮೇಲೆ. ಆ ಹೊತ್ತಿಗೆ ರಾಜೇಶ್ವರಿ ಆನ್ ಆರ್ಬರ್‌ನಲ್ಲಿ ಪ್ರೊಫೆಸರ್ ವಿಲಿಯಂ ಡೌ ಹತ್ರ ಪಿಎಚ್‌ಡಿ ಮಾಡ್ತಿದ್ರು.

ಕಾಲೇಜು ಮುಗಿಸದ ಹುಡುಗೀರು ಬರೆದ ಆ ಕಾಗದಗಳ ಬಗ್ಗೆ ಓದಿದ ದಿನ ನಾನು ಕಾರಿಡಾರಿನ ಫೋಟೋ ಮುಂದೆ ನಿಂತದ್ದು.

(8/10)
ರಾಜೇಶ್ವರಿ 1953ರಲ್ಲಿ ಡಾಕ್ಟರೇಟ್ ತಗೊಂಡು ವಾಪಸ್ ಬಂದ್ರು, ಹೋದ ಜಾಗಕ್ಕೇ, ಈ ಸಲ ಮೇಡಂ ಆಗಿ. ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗ. ಅದೇ ವರ್ಷ ಅಲ್ಲೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿ ಜೊತೆ ಮದುವೆ. ಹೆಸರಿನ ಗುಟ್ಟು ಇಷ್ಟೇ. ಇಬ್ಬರೂ ಸೇರಿ ಮೈಕ್ರೋವೇವ್ ಲ್ಯಾಬ್ ಕಟ್ಟಿದ್ರು, ದೇಶದಲ್ಲಿ ಆ ವಿಷಯದ ಸಂಶೋಧನೆ ಶುರುವಾದದ್ದೇ ಅಲ್ಲಿಂದ. ಮೈಕ್ರೋವೇವ್ ಅಂದ್ರೆ ಅಡುಗೆಮನೆ ಓವನ್ ಅಷ್ಟೇ ಅಲ್ಲ ಕಣ್ರೋ. ರಡಾರ್, ವಿಮಾನ ಮತ್ತು ಬಾಹ್ಯಾಕಾಶ ನೌಕೆಗಳ ಆಂಟೆನಾ, ಉಪಗ್ರಹದ ಮಾತುಕತೆ, ನೀವೀಗ ಈ ಪೋಸ್ಟ್ ಓದ್ತಿರೋ ಫೋನಿನ ಸಿಗ್ನಲ್ಲು, ಎಲ್ಲ ಆ ಸೀಮೆಯದ್ದೇ.

ಮುಂದೆ ಪ್ರೊಫೆಸರ್ ಆದ್ರು, ವಿಭಾಗದ ಮುಖ್ಯಸ್ಥರಾದ್ರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ. ಅವರ ಕೈಕೆಳಗೆ 20 ಜನ ಪಿಎಚ್‌ಡಿ ಮುಗಿಸಿದ್ರು. 1982ರಲ್ಲಿ ನಿವೃತ್ತಿ. ಆಮೇಲೆ ಮನೇಲಿ ಕೂರಲಿಲ್ಲ, ಮಹಿಳಾ ಅಧ್ಯಯನದ ಕೆಲಸಕ್ಕೆ ಇಳಿದ್ರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡ್ರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನ ಕರೀತಾರೆ.

"ಮೊದಲ" ಅನ್ನೋ ಪದ ನಂಗೆ ಅಷ್ಟು ಇಷ್ಟ ಆಗಲ್ಲ, ಹೇಳಿಬಿಡ್ತೀನಿ. ಕ್ವಿಜ್‌ಗೆ ಒಳ್ಳೇದು. ಬಿರುದು ಕೊಟ್ಟು ಹಾರ ಹಾಕಿದ ಮೇಲೆ ಎರಡನೆಯವಳು ಯಾರು, ಅವಳು ಯಾವಾಗ ಬಂದಳು, ಅವಳಿಗೆ ಉಳ್ಕೊಳ್ಳೋಕೆ ರೂಮ್ ಇತ್ತಾ ಅಂತ ಯಾರೂ ಕೇಳಲ್ಲ.

ಕೇಳಿದ್ರೆ ಏನು ಸಿಗತ್ತೆ ನೋಡಿ. ರಾಜೇಶ್ವರಿ ಪಾಠ ಶುರು ಮಾಡಿ ಹದಿನೈದು ವರ್ಷ ಕಳೆದ ಮೇಲೆ, 1968ರ ಹೊತ್ತಿಗೆ, ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿಗೆ ಸುಧಾ ಕುಲಕರ್ಣಿ ಸೇರಿದ್ರು. ಈಗ ನಮಗೆಲ್ಲ ಗೊತ್ತಿರೋ ಸುಧಾ ಮೂರ್ತಿ, ಹುಟ್ಟಿದ್ದು ಶಿಗ್ಗಾಂವಿಯಲ್ಲಿ. ಕಾಲೇಜಲ್ಲಿ ಒಬ್ಬರೇ ಹುಡುಗಿ. ಪ್ರಿನ್ಸಿಪಾಲರು ಮೂರು ಷರತ್ತು ಹಾಕಿದ್ರು ಅಂತ ಅವರೇ ಎಷ್ಟೋ ಸಲ ಹೇಳಿದಾರೆ: ಸೀರೆನೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಹೆಂಗಸರ ಶೌಚಾಲಯವೇ ಇರಲಿಲ್ಲ ಅನ್ನೋದನ್ನೂ ಹೇಳಿದಾರೆ. 1933ರ ಷರತ್ತುಗಳನ್ನ ಇದರ ಪಕ್ಕ ಇಟ್ಟು ನೋಡಿ. ಮೂವತ್ತೈದು ವರ್ಷ ಕಳೆದಿತ್ತು, ಷರತ್ತಿನ ಪಟ್ಟಿ ಮಾತ್ರ ಹಾಗೇ. ಆಮೇಲೆ ಅದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಎಂ.ಇ.ಗೆ ಹೋದ್ರು, ಅಲ್ಲೂ ಅವರ ವಿಭಾಗದಲ್ಲಿ ಒಬ್ಬರೇ. 1974ರಲ್ಲಿ ನೋಟಿಸ್ ಬೋರ್ಡಿನಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು: ಮಹಿಳೆಯರು ಅರ್ಜಿ ಹಾಕಬೇಕಿಲ್ಲ. ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದು ಹಾಕಿದ್ರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸ ಸಿಕ್ಕಿತು.

ಕಾರ್ಡಿನ ಕಥೆ ಎಲ್ಲರಿಗೂ ಬಾಯಿಪಾಠ. ನಂಗೆ ಅದನ್ನ ಓದಿದಾಗ ಹೆಮ್ಮೆ ಜೊತೆಗೆ ಇನ್ನೊಂದು ಅನ್ಸತ್ತೆ. ಕಮಲಾ ಒಬ್ಬರೇ ಹಟ ಹಿಡಿದ್ರು. ರಾಜೇಶ್ವರಿ ಒಬ್ಬರೇ ಇನ್ನೊಂದು ಬಾಗಿಲು ಹುಡುಕಿದ್ರು. ಸುಧಾ ಒಬ್ಬರೇ ಕಾರ್ಡು ಬರೆದ್ರು. ಪ್ರತಿಯೊಬ್ಬರೂ ಸೊನ್ನೆಯಿಂದ ಶುರು. ಅಷ್ಟೊಂದು ಧೈರ್ಯ ಇಲ್ಲದ, ನನ್ನ ಥರದ ಸಾಧಾರಣ ಹುಡುಗೀರು ಆಗ ಏನಾದ್ರು? ಅವರ ಕಥೆ ಯಾರೂ ಬರೀಲಿಲ್ಲ. ವಾಪಸ್ ಊರಿಗೆ ಹೋಗಿರ್ತಾರೆ.

(9/10)
ನಮ್ಮ ಕ್ಲಾಸಿನವನೇ, ಈಗ ನಿನ್ನ ಪ್ರಶ್ನೆಗೆ ಬಂದೆ.

ಬಿ.ಇ. ಕ್ಲಾಸಲ್ಲಿ ಹುಡುಗೀರು ತುಂಬಿರೋದು ನಿಜ. ಎಂ.ಟೆಕ್ ಕ್ಲಾಸಿಗೆ ಬಂದಾಗ ಎಣಿಸು. ಪಿಎಚ್‌ಡಿ ರೂಮುಗಳ ಬಾಗಿಲ ಮೇಲಿನ ಹೆಸರು ಎಣಿಸು. ಫ್ಯಾಕಲ್ಟಿ ಬೋರ್ಡ್ ಎಣಿಸು. ಮೇಲೆ ಹೋದ ಹಾಗೆ ಬೆರಳು ಉಳಿಯುತ್ತೆ. ಐಐಟಿಗಳಲ್ಲಿ ಬಿ.ಟೆಕ್‌ಗೇ ಹುಡುಗೀರು ಕಡಿಮೆ ಅಂತ 2018ರಿಂದ ಅವರಿಗೆ ಹೆಚ್ಚುವರಿ ಸೀಟು ಇಟ್ಟು, ಶೇಕಡ 20 ಮುಟ್ಟಿಸೋ ಗುರಿ ಹಾಕ್ಕೊಂಡ್ರು. ಗುರಿಯೇ ಇಪ್ಪತ್ತು ಅಂದ್ರೆ ಮೊದಲು ಎಷ್ಟಿತ್ತು ಅಂತ ಊಹಿಸ್ಕೋ.

ಇನ್ನು ನಮ್ಮದೇ ಕಥೆ. ಹೋದ ವರ್ಷದವರೆಗೆ ನಮ್ಮ ಲೇಡೀಸ್ ಹಾಸ್ಟೆಲ್ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ತಿತ್ತು. ಹುಡುಗರ ಹಾಸ್ಟೆಲಿಗೆ ಗೇಟೇ ಇಲ್ಲ. ನಮ್ಮ ಲ್ಯಾಬಿನ ಫರ್ನೆಸ್ ಬಿಸಿಯಾಗಿ ತಣ್ಣಗಾಗೋಕೆ ಎಂಟು ಗಂಟೆ ಬೇಕು. ಬೆಳಗ್ಗೆ ಬಿ.ಇ. ಮಕ್ಕಳ ಪ್ರಾಕ್ಟಿಕಲ್ಸ್, ನಮಗೆ ಸ್ಲಾಟ್ ಸಿಗೋದು ಮಧ್ಯಾಹ್ನ ಎರಡರ ಮೇಲೆ. ಲೆಕ್ಕ ಮಾಡು. ನನ್ನ ರೂಮ್‌ಮೇಟ್ ಒಂದೇ ಸ್ಯಾಂಪಲ್ಲಿಗೆ ನಾಲ್ಕು ಸಲ ಓಡಿದಳು, ನಾಲ್ಕು ಸಲವೂ ಅರ್ಧಕ್ಕೆ ಸ್ವಿಚ್ ಆಫ್ ಮಾಡಿ ಬಂದಳು. ಅವಳ ಪ್ರಾಜೆಕ್ಟ್ ನಿಧಾನ ಅಂತ ರಿವ್ಯೂನಲ್ಲಿ ಬೈಸಿಕೊಂಡಳು. ಗೇಟಿನ ವಿಷಯ ರಿವ್ಯೂ ಫಾರ್ಮಿನಲ್ಲಿ ಬರೆಯೋಕೆ ಕಾಲಂ ಇಲ್ವಲ್ಲ. ಅವಳಿಗಿಂತ ಹಿಂದಿನ ವರ್ಷ ಒಬ್ಬರು ಕೋರ್ಸೇ ಬಿಟ್ಟು ಹೋಗಿದ್ರಂತೆ. "ಅವಳಿಗೆ ಇಂಟರೆಸ್ಟ್ ಇರಲಿಲ್ಲ" ಅನ್ನೋದು ಡಿಪಾರ್ಟ್‌ಮೆಂಟಿನ ನೆನಪು.

ಸಂಚಾಲಕಿ ಅಕ್ಕ ಏನು ಮಾಡಿದ್ರು ಗೊತ್ತಾ? ಭಾಷಣ ಮಾಡಲಿಲ್ಲ. ಎರಡು ತಿಂಗಳು ಒಂದು ನೋಟ್‌ಬುಕ್ ಇಟ್ರು. ಯಾವ ಲ್ಯಾಬು, ಯಾವ ಯಂತ್ರ, ಎಷ್ಟು ಗಂಟೆ ಬೇಕು, ಎಷ್ಟಕ್ಕೆ ಆಫ್ ಮಾಡಿ ಬಂದೆ, ಎಲ್ಲರೂ ದಿನಾ ಬರೀಬೇಕು. ಆ ನೋಟ್‌ಬುಕ್ಕಿನ ಜೆರಾಕ್ಸ್ ಹಿಡ್ಕೊಂಡು ವಾರ್ಡನ್ ಹತ್ರ, ಡೀನ್ ಹತ್ರ ಹೋದ್ರು. ಮೂರನೇ ಮೀಟಿಂಗಿಗೆ ಗೇಟು ಹನ್ನೊಂದಕ್ಕೆ ಆಯ್ತು. ಲ್ಯಾಬಿಂದ ಹಾಸ್ಟೆಲಿಗೆ ದಾರಿ ದೀಪ ಬಂತು. ಆ ದೀಪದ ಕೆಳಗೆ ಈಗ ನೀವು ಹುಡುಗ್ರೂ ನಿಂತು ಚಹಾ ಕುಡೀತೀರಿ, ಕುಡೀರಿ.

2015ರಲ್ಲಿ ದೆಹಲಿಯ ಹುಡುಗೀರು ಹಾಸ್ಟೆಲ್ ಗೇಟಿನ ಇದೇ ವಿಷಯಕ್ಕೆ ಪಿಂಜ್ರಾ ತೋಡ್ ಅಂತ ರಸ್ತೆಗೇ ಇಳಿದಿದ್ರು. ನಮ್ಮದು ಅಷ್ಟು ಜೋರಿನದ್ದಲ್ಲ. ಒಂದು ನೋಟ್‌ಬುಕ್ಕು, ಅಷ್ಟೇ.

ನಮ್ಮ ಗುಂಪಿನ ಮೇಲೆ ನನ್ನದೂ ದೂರಿದೆ, ಮುಚ್ಚಿಡಲ್ಲ. ಮಾರ್ಚ್ 8ಕ್ಕೆ ರಂಗೋಲಿ ಸ್ಪರ್ಧೆ, ಕೇಕು, ಗುಲಾಬಿ ಹೂವು, ಮುಖ್ಯ ಅತಿಥಿಗಳಿಂದ "ಹೆಣ್ಣು ಸಂಸಾರದ ಕಣ್ಣು" ಅಂತ ಒಂದು ಗಂಟೆ. ಎಂ.ಟೆಕ್ ಓದ್ತಿರೋರಿಗೆ ಇದು ಯಾಕೆ ಬೇಕಿತ್ತೋ. ಅದಕ್ಕೇ ಎಷ್ಟೋ ಜನ ಬರೋದು ಬಿಟ್ರು. ಮತ್ತೆ, ಗುಂಪಿನ ವಾಟ್ಸಾಪಿನಲ್ಲಿ ಇರೋದೆಲ್ಲ ಇಂಗ್ಲಿಷು. ಹಳ್ಳಿಯಿಂದ ಕನ್ನಡ ಮೀಡಿಯಂ ಓದಿ ಬಂದೋರು ಮೊದಲ ಆರು ತಿಂಗಳು ಬಾಯಿ ಬಿಡಲ್ಲ. ನಾನೂ ಬಿಟ್ಟಿರಲಿಲ್ಲ. ಒಂದು ಗುಂಪಿನ ಒಳಗೂ ಒಬ್ಬಳೇ ಇರಬಹುದು ಅಂತ ಗೊತ್ತಾಗಿದ್ದು ಆಗ.

(10/10)
ನಾನು ಹೆಸರು ಕೊಟ್ಟಿದ್ದೀನಿ. ನಿನ್ನೆ ಸಂಜೆ. ಸ್ಟೇಜ್ ಮೇಲೆ ಮೈಕ್ ಹಿಡಿದ್ರೆ ಕೈ ನಡುಗೋ ನಾನು ಸಂಚಾಲಕಿ ಅಂದ್ರೆ ಅಮ್ಮನೇ ನಕ್ಕರು. ಕಾರ್ಯದರ್ಶಿ ಸ್ಥಾನ ಇನ್ನೂ ಖಾಲಿ ಇದೆ, ಯಾರಾದ್ರೂ ಬನ್ರೇ.

ಮೊದಲ ಕೆಲಸ ಅಂತ ಕೊಲೊರಾಡೋದ ಆ ಹುಡುಗೀರು ಮಾಡಿದ್ದನ್ನೇ ಇಟ್ಟುಕೊಂಡಿದ್ದೀವಿ: ಹೆಸರು ಹುಡುಕೋದು. ನಮ್ಮ ಡಿಪಾರ್ಟ್‌ಮೆಂಟಿನಿಂದ ಎಂ.ಇ., ಎಂ.ಟೆಕ್, ಪಿಎಚ್‌ಡಿ ಮಾಡಿದ ಪ್ರತಿಯೊಬ್ಬ ಹೆಣ್ಣುಮಗಳ ಹೆಸರು, ವರ್ಷ, ಎಲ್ಲಿಂದ ಬಂದ್ರು, ಎಲ್ಲಿ ಉಳ್ಕೊಂಡಿದ್ರು, ಕೋರ್ಸು ಬಿಟ್ಟಿದ್ರೆ ಯಾಕೆ ಬಿಟ್ರು. ಬಿಟ್ಟವರದ್ದೂ ಬೇಕು. ಅವರದ್ದೇ ಮುಖ್ಯ.

ಫೋಟೋದಲ್ಲಿರೋ "ಕು." ಬಗ್ಗೆ ಆಫೀಸಿನಲ್ಲಿ ಕೇಳಿದೆ. ಹಳೇ ಅಡ್ಮಿಷನ್ ರಿಜಿಸ್ಟರ್ ಗೋಡೌನಿನಲ್ಲಿದೆ, ಹುಡುಕಿಸೋಣ ಅಂದ್ರು. ರಿಟೈರ್ ಆದ ವರ್ಕ್‌ಶಾಪ್ ಮೆಕ್ಯಾನಿಕ್ ಒಬ್ಬರಿಗೆ ಮಸುಕಾಗಿ ನೆನಪಿದೆ: "ಒಬ್ರು ಅಮ್ಮ ಇದ್ರು. ಊಟದ ಡಬ್ಬಿ ಲೇತ್ ಮಿಷನ್ ಹತ್ರ ಕೂತು ತಿಂತಿದ್ರು. ಮಲೆನಾಡು ಕಡೆ ಮಾತು." ಅಷ್ಟೇ. ನಾನು ಆವತ್ತು ರಾತ್ರಿ ಅಜ್ಜಿಗೆ ಫೋನ್ ಮಾಡಿ, ನಮ್ಮ ಕಡೆಯಿಂದ ಆ ಕಾಲದಲ್ಲಿ ಎಂಜಿನಿಯರಿಂಗ್ ಓದೋಕೆ ಹೋದ ಹುಡುಗಿ ಯಾರಾದ್ರೂ ಗೊತ್ತಾ ಅಂತ ಕೇಳಿದೆ. ಅಜ್ಜಿ ಸುಮಾರು ಹೊತ್ತು ಯೋಚನೆ ಮಾಡಿ, ನಾಳೆ ಸುಲಿಯೋಕೆ ಬರೋರನ್ನೆಲ್ಲ ವಿಚಾರಿಸ್ತೀನಿ ಅಂದ್ರು.

ನೀವೂ ವಿಚಾರಿಸಿ. ಸೊರಬ, ಶಿಕಾರಿಪುರ, ಸಾಗರ, ಹಾನಗಲ್, ಸಿರಸಿ, ಎಲ್ಲಾದ್ರೂ ಸರಿ. ನಿಮ್ಮ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು, ನಿಮಗೆ ಪಾಠ ಮಾಡಿದ ಮೇಡಂ, 1990ಕ್ಕಿಂತ ಮೊದಲು ಎಂಜಿನಿಯರಿಂಗ್ ಓದಿದವರಿದ್ರೆ ಅವರ ಹತ್ರ ಒಪ್ಪಿಗೆ ಕೇಳಿ, ಆಮೇಲೆ ನಂಗೆ ಮೆಸೇಜ್ ಮಾಡಿ. ಕಾಮೆಂಟಲ್ಲಿ ಯಾರ ಹೆಸರೂ ಹಾಕಬೇಡಿ ಪ್ಲೀಸ್. ಶನಿವಾರ ಸಂಜೆ ನಾಲ್ಕಕ್ಕೆ ಡಿಪಾರ್ಟ್‌ಮೆಂಟಿನ ಎರಡನೇ ಮಹಡಿ, ಸೆಮಿನಾರ್ ಹಾಲಿನ ಪಕ್ಕದ ಸಣ್ಣ ರೂಮು. ಕನ್ನಡದಲ್ಲೇ ಮಾತಾಡೋಣ. ಕೇಕ್ ಇರಲ್ಲ, ಮಂಡಕ್ಕಿ ಇರತ್ತೆ.

ಕೊನೇ ಫೋಟೋ ಹೊಸ ನೋಟ್‌ಬುಕ್ಕಿನ ಮೊದಲ ಪುಟ. ಕ್ರಮಸಂಖ್ಯೆ 1ರ ಎದುರಿಗೆ "ಕು." ಅಂತ ಬರೆದು ಜಾಗ ಬಿಟ್ಟಿದ್ದೀನಿ. ಎರಡನೇ ಸಾಲಿನಿಂದ ತುಂಬ್ತಾ ಬಂದಿದೆ.